ಗಂಟಲಿಗೆ ಬಂತಾ?

ಗಂಗರತ್ನ ಅನ್ನುವ ನನ್ನ ಹೆಸರು
ರೇಷನ್ ಕಾರ್ಡಿಗೆ ಮಾತ್ರ ಗೊತ್ತು.
ಶಿಡ್ಲಘಟ್ಟದ ನಮ್ಮ ಓಣಿಗೆಲ್ಲ ನಾನು ಅಳುಬುರುಕಿ.

ಹದಿನೇಳು ವರ್ಷ ಬಾಬಾಜಾನ್ ಸಾಬರ ಫಿಲೇಚರಿನಲ್ಲಿ
ಕುದಿಯುವ ಬೇಸಿನ್ನಿನ ಮುಂದೆ ಕೂತು
ಗೂಡಿನ ಎಳೆತುದಿ ಹುಡುಕಿದವಳು.
ಬೆಂದ ಹುಳದ ನಾತಕ್ಕೆ ಮೂಗು ಎಂದೋ ಒಗ್ಗಿತ್ತು,
ಕಣ್ಣು ಒಗ್ಗಲಿಲ್ಲ.
ಮೊದಲು ಎಡಗಣ್ಣು ಸೋರಿತು,
ದೀಪಾವಳಿ ಕಳೆದ ಮೇಲೆ ಬಲಗಣ್ಣೂ.
ಆವಿ ಅಂದೆ. ಹೊಗೆ ಅಂದೆ.
ದೃಷ್ಟಿ ಅಂದಳು ಅಮ್ಮ,
ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.
ಇನ್ನಷ್ಟು ಸೋರಿತು.

ಲಾಭವೇ ಇರಲಿಲ್ಲ ಅಂತಲ್ಲ.
ಸಂಘದ ಕಂತಿಗೆ ಬರುವ ಹುಡುಗ
ನನ್ನ ಮುಖ ನೋಡಿ, ಪುಸ್ತಕ ನೋಡಿ,
‘ಸೋಮವಾರ ಕೊಡಿ ಅಕ್ಕಾ’ ಅಂತ ಬೈಕು ತಿರುಗಿಸುತ್ತಿದ್ದ.
ಗುರುತಿಲ್ಲದ ಸಾವಿನ ಮನೆಯಲ್ಲೂ
ನನಗೆ ಮುಂದಿನ ಸಾಲು ಬಿಡುತ್ತಿದ್ದರು.
ತಂಗಿ ಪದ್ಮಕಲಾಳ ಮದುವೆಯಲ್ಲಿ ಮಾತ್ರ
ಬೀಗರು ಪಿಸುಗುಟ್ಟಿದರು.
ಆಲ್ಬಮ್ಮಿನಲ್ಲಿ ನಾನು
ಕಂಬದ ಹಿಂದಿನ ಅರ್ಧ ಸೀರೆ, ಒಂದು ಕರ್ಚೀಫು.

ಒಂದು ಬೆಳಿಗ್ಗೆ ಮೂಗಿನ ಪಕ್ಕ ಒತ್ತಿದರೆ ಕೀವು ಬಂತು.
ಪಕ್ಕದ ಬೇಸಿನ್ನಿನ ಮುಬೀನಾ ರಟ್ಟೆ ಹಿಡಿದು
ಚಿಕ್ಕಬಳ್ಳಾಪುರದ ಬಸ್ಸು ಹತ್ತಿಸಿದಳು.

ಡಾಕ್ಟರಮ್ಮನಿಗೆ ನನ್ನ ಮಗಳ ವಯಸ್ಸು.
ಕಣ್ಣಂಚಿನ ತೂತಿಗೆ
(ಅಲ್ಲೊಂದು ತೂತಿದೆ ಅಂತ ನಲವತ್ಮೂರು ವರ್ಷ
ನನಗೇ ತಿಳಿದಿರಲಿಲ್ಲ)
ಮೊಂಡು ಸೂಜಿ ಇಟ್ಟು ಉಪ್ಪುನೀರು ಬಿಟ್ಟಳು.
‘ಗಂಟಲಿಗೆ ಬಂತಾ?’
ಇಲ್ಲ.
‘ಈಗ?’
ಇಲ್ಲ ಮೇಡಂ, ಕೆನ್ನೆಗೇ ಬಂತು.
ಇನ್ನೊಂದು ಕಣ್ಣು. ‘ಬಂತಾ?’
ಇಲ್ಲ.

ಚೀಟಿಯ ಹಿಂದೆ ಒಂದು ಮೂಗು ಬರೆದು
ಅಕ್ಕಪಕ್ಕ ಎರಡು ಕಾಲುವೆ ಬರೆದು
ಎರಡಕ್ಕೂ ಅಡ್ಡಗೀಟು ಹಾಕಿದಳು.
‘ಎಲ್ಲರ ಕಣ್ಣಲ್ಲೂ ದಿನವಿಡೀ ನೀರು ಬರತ್ತಮ್ಮ.
ಮೂಗಿನೊಳಗೆ ಇಳಿದು ಹೋಗತ್ತೆ, ಅಷ್ಟೆ.’

ವಾಪಸು ಬಸ್ಸಿನಲ್ಲಿ ಒಬ್ಬೊಬ್ಬರ ಮುಖವನ್ನೇ ನೋಡಿದೆ.
ಕಂಡಕ್ಟರು, ಕೋಳಿ ಹಿಡಿದ ಮುದುಕ,
ಫೋನಿನಲ್ಲಿ ನಗುವ ಹುಡುಗಿ,
ಎಲ್ಲರೂ ಒಳಗೊಳಗೇ,
ಪಕ್ಕದ ಸೀಟಿಗೂ ಗೊತ್ತಾಗದಂತೆ.

ಎರಡೂ ಕಣ್ಣು ಒಂದೇ ದಿನ.
ಮೂಳೆಯಲ್ಲಿ ಕಡಲೆಕಾಳಿನಷ್ಟು ಕಿಟಕಿ ಕೊರೆದರಂತೆ,
ಎಳೆಯಂಥ ಕೊಳವೆಯನ್ನು ಮೇಲಿನ ತೂತಿನಿಂದ, ಕೆಳಗಿನ ತೂತಿನಿಂದ
ಇಳಿಸಿ ಮೂಗಿನೊಳಗೆ ಗಂಟು ಹಾಕಿದರಂತೆ.
ಎಂಟು ಗೂಡಿನ ಎಳೆ ಕೂಡಿಸಿ
ಗುಂಡಿಯ ತೂತಿನಲ್ಲಿ ತೂರಿಸುವವಳಿಗೆ ಅದೇನು ಹೊಸದಲ್ಲ,
ಈ ಸಲ ಗೂಡು ನಾನಾಗಿದ್ದೆ ಅನ್ನುವುದು ಬಿಟ್ಟರೆ.
ಎರಡು ದಿನ ಮೂಗಿನ ತುಂಬ ಬಟ್ಟೆ,
ಬಾಯಲ್ಲಿ ಉಸಿರು, ತಣ್ಣನೆ ರಾಗಿ ಗಂಜಿ.
ಸೀನಬೇಡಿ, ಮೂಗು ಸೀಟಬೇಡಿ.

ಆಮೇಲೆ ಒಣಗಿದೆ.
ಕಂತಿನ ಹುಡುಗ ಈಗ ಸೋಮವಾರದ ಮಾತೆತ್ತುವುದಿಲ್ಲ.

ನನ್ನನ್ನು ಸಾಕಿದ ಸೋದರತ್ತೆ ಕಾರ್ತಿಕದಲ್ಲಿ ಹೋದಳು.
ವಾಡಿಕೆಯಂತೆ ಮುಂದಿನ ಸಾಲು ಬಿಟ್ಟರು.
ಕಾದರು.
ರೆಪ್ಪೆ ತೇವವಾಯಿತು, ತುಂಬಲಿಲ್ಲ.
‘ಆಸ್ಪತ್ರೆಯವರು ಎಲ್ಲಾ ತೆಗೆದುಬಿಟ್ಟವ್ರೆ’
ಅಂದಳು ಯಾರೋ ಹಿಂದಿನಿಂದ.
ನಾನು ಎಂಜಲು ನುಂಗಿದೆ.
ಉಪ್ಪಾಗಿತ್ತು.
ಮತ್ತೆ ನುಂಗಿದೆ.
ಹೆಣ ಎತ್ತುವವರೆಗೂ ನುಂಗುತ್ತಲೇ ಇದ್ದೆ.

ಮೂರನೇ ತಿಂಗಳು ಕೊಳವೆ ಕತ್ತರಿಸಿ ತೆಗೆದು
ಟ್ರೇಗೆ ಹಾಕಿದಳು ಡಾಕ್ಟರಮ್ಮ.
ಬಿಸಾಡಬೇಡಿ, ಕೊಡಿ ಅಂದೆ.
ಹೊರಗೆ ಬೆಂಚಿನ ಮೇಲೆ ಮುಬೀನಾ
ಎರಡು ಬೆರಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದು,
‘ದಪ್ಪ ಐತೆ ಕಣೇ, ಮಾರ್ಕೆಟ್ಟಲ್ಲಿ ರೇಟು ಬರಲ್ಲ’ ಅಂದಳು.
ಅಂದು ತಾನೇ ನಕ್ಕಳು. ನಾನೂ.
ನರ್ಸು ಗದರಿದ ಮೇಲೂ ನಿಲ್ಲಲಿಲ್ಲ.
ಮುಬೀನಾಳ ಕಣ್ಣು ತುಂಬಿ ಕೆನ್ನೆಗಿಳಿಯಿತು.
ನನ್ನ ಕರ್ಚೀಫು ಇನ್ನೂ ಬ್ಯಾಗಿನಲ್ಲೇ ಇತ್ತು.
ತೆಗೆದು ಅವಳಿಗೆ ಕೊಟ್ಟೆ.